ಮೊದಲು ಹಡಗಿನ ನಂಬರ್ ನೋಡಿ
ಬ್ರಿಟಿಷ್ ಸರಕು ಹಡಗುಗಳಲ್ಲಿ ದುಡಿದವರನ್ನು ಹುಡುಕೋದು ಹೇಗೆ ಅನ್ನೋ ನಿಮ್ಮ ಲೇಖನದಲ್ಲಿ, ಅವರ ದಾಖಲೆ ಎಲ್ಲಾ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ ಅಂತ ಬರೆದಿದ್ದೀರಿ. ಹಾಗಿಲ್ಲ ಸಾರ್. 1863ರಿಂದ 1938ರವರೆಗಿನ ಸಿಬ್ಬಂದಿ ಪಟ್ಟಿಗಳಲ್ಲಿ ಅಲ್ಲಿರೋದು ಶೇ. 10ರಷ್ಟು ಮಾತ್ರ. ಶೇ. 70ರಷ್ಟು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸೇರಿವೆ (ಎಲ್ಲಿಂದೆಲ್ಲಿಗೆ ನೋಡಿ!). 1865, 1875 ಹೀಗೆ 5ರಲ್ಲಿ ಮುಗಿಯುವ ವರ್ಷಗಳದ್ದು ಹೆಚ್ಚಾಗಿ ಲಂಡನ್ನಿನ ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿ. ನಾವಿಕನ ಹೆಸರು ಹಿಡಿದು ಹುಡುಕಿದರೆ ಸುಮ್ನೆ ಸುಸ್ತು. ನಮ್ಮ ಕಡೆಯ ಲಸ್ಕರ್‌ಗಳ (ಆ ಹಡಗುಗಳಲ್ಲಿ ದುಡಿದ ನಾವಿಕರ) ಹೆಸರನ್ನಂತೂ ಕಿವಿಗೆ ಬಿದ್ದ ಹಾಗೆ ಗೀಚಿರುತ್ತಾರೆ. ಹಡಗಿನ ಅಧಿಕೃತ ನಂಬರ್ ಹಿಡಿಯಿರಿ. ಹಡಗಿನ ಹೆಸರು ಬದಲಾದರೂ ಅದು ಬದಲಾಗಲ್ಲ. 1915ರ ಪಟ್ಟಿಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ವಯಸ್ಸು, ಹುಟ್ಟೂರಿನ ಪಕ್ಕ ‘ಹಿಂದಿನ ಹಡಗು’ ಅನ್ನೋ ಕಾಲಂ ಇರುತ್ತೆ. ಮುಂದಿನ ಸುಳಿವು ಅಲ್ಲೇ ಸಿಗೋದು. ಲೇಖನದಲ್ಲಿ ಅದರ ಸುದ್ದಿಯೇ ಇಲ್ವಲ್ಲ?