ಸನ್ಮಾನದ ಶಾಲಿಗೆ ಪುನರ್ವಸತಿ

ಹುಬ್ಬಳ್ಳಿ-ಧಾರವಾಡದಲ್ಲಿ ಚಳಿ ಅಂಥಾದ್ದೇನೂ ಇಲ್ಲ. ಡಿಸೆಂಬರಿನಲ್ಲಿ ಉಣಕಲ್ ಕೆರೆ ದಂಡೆಗೆ ವಾಕಿಂಗ್ ಹೋಗುವವರಿಗೂ ಒಂದು ಸ್ವೆಟರ್ ಸಾಕು. ಆದರೂ ಇಲ್ಲಿ ಜನ ವರ್ಷಪೂರ್ತಿ ಒಬ್ಬರಿಗೊಬ್ಬರು ಶಾಲು ಹೊದಿಸುತ್ತಲೇ ಇರುತ್ತಾರೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಫ್ಯಾನು ಕೆಟ್ಟ ಸಭಾಭವನ, ಬೆವರು ಒರೆಸಿಕೊಳ್ಳುತ್ತ ಕೂತ ಎಪ್ಪತ್ತು ದಾಟಿದ ಹಿರಿಯರು. ಅವರಿಗೊಂದು ಶಾಲು ಹೊದಿಸಿ, ಮೇಲೊಂದು ಹಾರ ಹಾಕಿ, ತಲೆಗೆ ಪೇಟ ಇಟ್ಟು, "ಸರ್ರ, ಸ್ವಲ್ಪ ನಗ್ರಿ" ಎನ್ನುತ್ತೇವೆ. ಇದಕ್ಕೆ ನಮ್ಮಲ್ಲಿ ಗೌರವ ಎನ್ನುತ್ತಾರೆ.

ನಿವೃತ್ತಿಯಾದರೆ ಶಾಲು, ಬಡ್ತಿ ಬಂದರೆ ಶಾಲು, ವರ್ಗವಾಗಿ ಬಂದರೆ ಶಾಲು, ವರ್ಗವಾಗಿ ಹೋದರೆ ಇನ್ನೂ ಖುಷಿಯಿಂದ ಶಾಲು. ಸರ್ಕಾರಕ್ಕಾದರೂ ಒಂದು ಲೆಕ್ಕವಿದೆ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ರಾಜ್ಯೋತ್ಸವ ಪ್ರಶಸ್ತಿ. 2024ರಲ್ಲಿ 69, 2025ರಲ್ಲಿ 70. ಓಣಿಯ ಸಂಘಗಳಿಗೆ ಅಂಥ ಕಟ್ಟುಪಾಡಿಲ್ಲ. ವೇದಿಕೆ ಮೇಲೆ ಎಷ್ಟು ಕುರ್ಚಿ ಹಿಡಿಸುತ್ತವೋ ಅಷ್ಟು ಸಾಧಕರು. ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಕವಿಯ ಮನೆ ಮೇಲೆ ಬೀಳುತ್ತದೆ ಎಂಬ ಮಾತು ಹಳೆಯದು. ಈಗ ಒಗೆದು ನೋಡಿ, ಕಿಟಕಿಯ ಗಾಜು ಒಡೆದರೂ ಕಲ್ಲು ಒಳಗೆ ಹೋಗುವುದಿಲ್ಲ. ಶಾಲಿನ ಪರದೆ ತಡೆಯುತ್ತದೆ.

ಹೊದಿಸುವ ವಿಧಾನವನ್ನು ನೀವು ನೋಡಿರಬೇಕು. ಹೊದಿಸುವವರ ಕಣ್ಣು ಶಾಲಿನ ಮೇಲಿರುವುದಿಲ್ಲ, ಹೊದಿಸಿಕೊಳ್ಳುವವರ ಮೇಲೂ ಇರುವುದಿಲ್ಲ. ಕ್ಯಾಮೆರಾ ಮೇಲಿರುತ್ತದೆ. ಹಾಗಾಗಿ ಅರ್ಧ ಶಾಲು ಭುಜಕ್ಕೆ, ಅರ್ಧ ಮೈಕಿಗೆ. ಒಂದು ಶಾಲಿಗೆ ಏಳೆಂಟು ಜನ ಕೈ ಹಚ್ಚುತ್ತಾರೆ. ಕೈ ಹಚ್ಚದವರು ಮರುದಿನದ ಪೇಪರಿನಲ್ಲಿ ಇರುವುದಿಲ್ಲ ನೋಡಿ. ಫೋಟೋ ಮುಗಿಯಿತೋ, ಶಾಲು ಇಳಿಯಿತು. ಸನ್ಮಾನಿತರೇ ಅದನ್ನು ಮಡಚಿ ಕುರ್ಚಿಯ ಹಿಂದೆ ಹಾಕುತ್ತಾರೆ. ಅದರ ಮುಂದಿನ ಬದುಕಿನ ಬಗ್ಗೆ ಯಾವ ವರದಿಗಾರನೂ ಬರೆದಿಲ್ಲ.

ಇದಕ್ಕೆ ಕೊನೆ ಹಾಡಲು ಯಾರೂ ಪ್ರಯತ್ನಿಸಿಲ್ಲ ಅಂತಲ್ಲ. 2021ರ ಆಗಸ್ಟಿನಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದಿತ್ತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾವಿಯಿಂದಲೇ ಆರಿಸಿ ಬಂದವರು. 2023ರ ಮೇನಲ್ಲಿ ಸಿದ್ದರಾಮಯ್ಯ ಬಂದರು. ಅವರೂ ಹಾರ, ಶಾಲು ಒಲ್ಲೆ, ಪುಸ್ತಕ ಕೊಡಿ ಎಂದರು. ಎರಡು ಪಕ್ಷಗಳು ಒಂದು ವಿಷಯದಲ್ಲಿ ಒಪ್ಪಿದ ಅಪರೂಪದ ಪ್ರಸಂಗ ಇದು. ಪರಿಣಾಮವೂ ಆಯಿತು. ಈಗ ನಮ್ಮ ಕಡೆ ಶಾಲಿನ ಜೊತೆಗೆ ಪುಸ್ತಕವನ್ನೂ ಕೊಡುತ್ತಾರೆ.

ಇನ್ನು ಮೊಬೈಲ್ ತೆರೆದರೆ ಬೇರೆಯೇ ಉಪದೇಶ. ಹೊಸ ಬಟ್ಟೆ ಕೊಳ್ಳಬೇಡಿ, ಬೀರುವಿನಲ್ಲಿ ಇರುವುದನ್ನೇ ಹೊಸ ರೀತಿ ಉಡಿ ಎಂದು ರೀಲ್ಸ್ ಮೇಲೆ ರೀಲ್ಸ್. ದುಪಟ್ಟಾವನ್ನು ಸೊಂಟಪಟ್ಟಿ ಮಾಡಿ, ಗಂಡನ ಅಂಗಿಗೆ ಬೆಲ್ಟ್ ಕಟ್ಟಿ ಫ್ರಾಕ್ ಮಾಡಿ, ಹಳೆಯ ಟೈ ಕೊರಳಿಗೆ ಬೇಡ, ಜಡೆಗೆ ಸುತ್ತಿ. ಮಾತು ಒಳ್ಳೆಯದೇ. ಆದರೆ ಆ ಹುಡುಗಿ ಶುರುಮಾಡುವುದು "ನಿಮ್ಮ ಹತ್ತಿರ ಇರುವ ಒಂದು ರೇಷ್ಮೆ ಸ್ಕಾರ್ಫ್ ತಗೊಳ್ಳಿ" ಅಂತ. ರೇಷ್ಮೆ ಸ್ಕಾರ್ಫ್ ನಮ್ಮ ಯಾರ ಮನೆಯಲ್ಲಿದೆ? ನಮ್ಮ ಬೀರುವಿನಲ್ಲಿ ಇರುವುದು ಜರಿ ಅಂಚಿನ ಹದಿನೆಂಟು ಪಾಲಿಯೆಸ್ಟರ್ ಶಾಲು. ಅದಕ್ಕೆ ಯಾವ ರೀಲ್ಸೂ ಇಲ್ಲ.

ರೀಲ್ಸ್ ಇಲ್ಲದಿದ್ದರೇನು, ನಮ್ಮ ಓಣಿಯಲ್ಲಿ ಕಾಕು ಇದ್ದಾರೆ. ಅವರ ಯಜಮಾನರು ನಿವೃತ್ತ ಮಾಸ್ತರರು. ಶಿಸ್ತಿನ ಮನುಷ್ಯ, ಕರೆದಲ್ಲಿ ಹೋಗುತ್ತಾರೆ, ಹೊದಿಸಿದ್ದನ್ನು ಹೊದ್ದು ಬರುತ್ತಾರೆ. ಆ ಮನೆಗೆ ಕಾಲಿಟ್ಟರೆ ಸನ್ಮಾನದ ಇತಿಹಾಸವೇ ಕಾಣುತ್ತದೆ. ಟಿವಿ ಮೇಲೆ ಶಿಕ್ಷಕರ ದಿನಾಚರಣೆ. ಮಿಕ್ಸರ್ ಮೇಲೆ ಗಣೇಶೋತ್ಸವ ಸಮಿತಿ. ಸೋಫಾದ ಬೆನ್ನಿಗೆ ಹಳೆ ವಿದ್ಯಾರ್ಥಿಗಳ ಬಳಗ. ತುಳಸಿ ಲಗ್ನದ ಮಂಟಪಕ್ಕೆ ಪೆನ್ಶನ್‌ದಾರರ ಸಂಘ. ನಡುಮನೆಯ ಕಿಟಕಿಗಳಿಗೆ ಮಾತ್ರ ಕಾಕು ಮೆರೂನ್ ಬಣ್ಣವೇ ಬೇಕೆಂದು ಹಟ ಹಿಡಿದು, ಮೂರು ವರ್ಷ ಕಾದು, ಒಂದೇ ನಮೂನೆಯ ಶಾಲು ಕೂಡಿಸಿ ಪರದೆ ಮಾಡಿದ್ದಾರೆ. ಮಾಸ್ತರರು ಸಭೆಗೆ ಹೊರಟಾಗ ಉಳಿದವರ ಮನೆಯಲ್ಲಿ "ಹುಷಾರಿಂದ ಹೋಗಿ ಬರ್ರಿ" ಎಂದರೆ, ಇಲ್ಲಿ "ಮೆರೂನ್ ಇದ್ರ ಕೇಳಿ ತೊಗೊಂಡ ಬರ್ರಿ" ಎನ್ನುತ್ತಾರೆ.

ಕಾಕು ಕೈಯಲ್ಲೂ ಸೋತದ್ದು ಕೆಲವಿವೆ. ಅಡುಗೆಮನೆಯ ಕೈವಸ್ತ್ರ ಮಾಡಲು ಹೋದರು, ಶಾಲು ನೀರನ್ನು ಒರೆಸಲಿಲ್ಲ, ಸುಮ್ನೆ ಈ ಕಡೆಯಿಂದ ಆ ಕಡೆಗೆ ತಳ್ಳಿತು. ಮಾಳಿಗೆ ಮೇಲೆ ಸಂಡಿಗೆ ಹಾಕಲು ಹಾಸಿದರು, ಜರಿಯ ಅಂಚಿಗೆ ಕಚ್ಚಿಕೊಂಡ ಸಂಡಿಗೆ ಜರಿ ಸಮೇತ ಎದ್ದು ಬಂತು. ಕರಿದರೆ ಹೊಳೆಯುತ್ತಿತ್ತೇನೋ. ಕಸೂತಿ ಹಾಕೋಣವೆಂದರೆ, ಗವಂತಿ ಹೊಲಿಗೆ ಇರಲಿ, ಮುರ್ಗಿ ಹೊಲಿಗೆ ಇರಲಿ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಈ ಶಾಲಿನ ನುಣುಪಿನಲ್ಲಿ ಎಳೆಯೇ ಕಣ್ಣಿಗೆ ಬೀಳುವುದಿಲ್ಲ. ಇಸ್ತ್ರಿ ಕಾದದ್ದು ಸ್ವಲ್ಪ ಜಾಸ್ತಿಯಾದರೆ ಶಾಲು ಇಸ್ತ್ರಿಗೇ ಅಂಟಿ ಕೂರುತ್ತದೆ.

ಪೇಟದ ಕಥೆ ಇನ್ನೊಂದು ಥರ. ನಮ್ಮ ಭಾಗದ ರುಮಾಲು ಗೊತ್ತಲ್ಲ, ಉದ್ದದ ಒಂದು ಬಟ್ಟೆ ಅಷ್ಟೇ. ತಲೆಗೆ ಸುತ್ತಿದರೆ ರುಮಾಲು, ನಡುವಿಗೆ ಬಿಗಿದರೆ ಪಟ್ಟಿ, ಗಿಡದ ಕೆಳಗೆ ಮಲಗಿದರೆ ದಿಂಬು, ಸಂತೆಯಲ್ಲಿ ಗಂಟು, ಹಗ್ಗ ಗಿಡ್ಡವಾದರೆ ಬಾವಿಯ ಕೊಡಕ್ಕೂ ಆಯಿತು. ಒಂದು ಬಟ್ಟೆಗೆ ಹತ್ತು ರೂಪ ಎಂದು ಈಗ ಕಲಿಸುವವರು ನವಲಗುಂದದ ಸಂತೆಗೆ ಬಂದು ಅರ್ಧ ದಿನ ನಿಂತರೆ ಸಾಕಿತ್ತು. ಆದರೆ ಸನ್ಮಾನಕ್ಕೆ ರುಮಾಲು ಸುತ್ತಲು ಯಾರಿಗೆ ಪುರುಸೊತ್ತು? ಅದಕ್ಕೇ ರಟ್ಟು ಅಂಟಿಸಿದ ರೆಡಿಮೇಡ್ ಮೈಸೂರು ಪೇಟ. ಬಿಚ್ಚಲಾಗದು, ಒಗೆಯಲಾಗದು, ಯಾರ ತಲೆಗೂ ಸರಿಹೊಂದದು. ಒಂದೇ ಉಪಯೋಗ, ಮಕ್ಕಳ ವೇಷಭೂಷಣ ಸ್ಪರ್ಧೆ. ಪೇಟ ಇಟ್ಟರೆ ವಿಶ್ವೇಶ್ವರಯ್ಯ ರೆಡಿ. ಒಂದೇ ಶಾಲೆಯಲ್ಲಿ ಹನ್ನೊಂದು ವಿಶ್ವೇಶ್ವರಯ್ಯರು ಸಾಲಾಗಿ ನಿಂತು ಅಳುವ ದೃಶ್ಯ ನಮ್ಮಲ್ಲಿ ಸಾಮಾನ್ಯ.

ರಾಜಕೀಯದ ಶಲ್ಯಗಳು ಬೇರೆ ಇವೆ. ಅವುಗಳ ಮೇಲೆ ನಾಯಕರ ನಗುಮುಖ ಅಚ್ಚಾಗಿರುತ್ತದೆ. ಮೊಮ್ಮಗನಿಗೆ ಚೊಣ್ಣ ಹೊಲಿಸಬಹುದಿತ್ತು, ಆದರೆ ಕತ್ತರಿಸುವಾಗ ಮುಖ ಎಲ್ಲಿ ಬರುತ್ತದೆ ಎಂದು ಯೋಚಿಸಿ ಟೇಲರ್ ಕೈ ಮುಗಿಯುತ್ತಾನೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಬಂಡೆದ್ದರು. ಅದೇ ವರ್ಷ ಹುಟ್ಟಿದ ರೈತ ಸಂಘದ ಹಸಿರು ಶಾಲು ಕಂಡರೆ ಅಧಿಕಾರಿಗಳು ಕುರ್ಚಿಯಿಂದ ಏಳುತ್ತಿದ್ದರು. ಈಗ ಹೊಲದ ಮೇರೆ ಕಾಣದವರೂ ವೇದಿಕೆ ಹತ್ತುವ ಮೊದಲು ಹಸಿರು ಹೊದೆಯುತ್ತಾರೆ. ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕು ಬಣ್ಣ ಮಡಚಿಟ್ಟಿರುತ್ತದೆ, ಊರು ನೋಡಿ ತೆಗೆಯುವುದು. ಇರುವುದನ್ನೇ ಬೇರೆ ರೀತಿ ತೊಡುವ ಕಲೆಯಲ್ಲಿ ಇವರನ್ನು ಮೀರಿಸುವ ರೀಲ್ಸ್ ನಾನು ನೋಡಿಲ್ಲ.

ಹಳೆ ಅರಿವೆಗೆ ಸ್ಟೀಲ್ ಭಾಂಡೆ ಕೊಡುವ ಹೆಂಗಸರು ಓಣಿಗೆ ಬರುತ್ತಾರೆ. ಕಾಕು ಒಮ್ಮೆ ಆರು ಶಾಲು ಮುಂದಿಟ್ಟರು. ಆಕೆ ಒಂದನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳಿದಳು: "ಸೀರಿ ಇದ್ರ ಕೊಡ್ರೆವ್ವಾ. ಇವಕ್ಕ ಒಂದು ಚಮಚಾನೂ ಬರಂಗಿಲ್ಲ." ಅಲ್ಲಿ ಕೂತಿದ್ದ ಮಾಸ್ತರರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು.

ಕೊನೆಯ ಆಸೆ ಕೌದಿ. ಕೌದಿ ಹೊಲಿಯುವ ಅಜ್ಜಿ ಹರಿದ ಸೀರೆ, ಧೋತರ, ಅಂಗಿಯ ಬೆನ್ನು ಯಾವುದನ್ನೂ ಬಿಟ್ಟವಳಲ್ಲ. ಶಾಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಜಾರ್ತೈತ್ರಿ, ಪದರಕ್ಕ ಪದರ ಕೂಡಂಗಿಲ್ಲ. ಬ್ಯಾಸಗಿಗೆ ಬೆವರು ಹೀರಂಗಿಲ್ಲ, ಚಳಿಗೆ ಬೆಚ್ಚಗ ಆಗಂಗಿಲ್ಲ. ಯಾತಕ್ಕ ಮಾಡ್ಯಾರ ಇದನ್ನ?"

"ಸನ್ಮಾನಕ್ಕ" ಎಂದರು ಮಾಸ್ತರರು.

"ಅಯ್ಯ, ಯಾರು ಸಿಟ್ಟಿದ್ರರೀ ನಿಮ್ಮ ಮ್ಯಾಲೆ?"

ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ರಾಷ್ಟ್ರಧ್ವಜ ತಯಾರಾಗುವ ಜಾಗ. ಅಲ್ಲಿ ಎಳೆಗೂ ನಿಯಮ, ಬಣ್ಣಕ್ಕೂ ನಿಯಮ, ಚಕ್ರದ ಅಳತೆಗೂ ನಿಯಮ. ಗಜೇಂದ್ರಗಡದಲ್ಲಿ, ಬೆಟಗೇರಿಯಲ್ಲಿ ಕೈಮಗ್ಗ ಇನ್ನೂ ಪೂರ್ತಿ ನಿಂತಿಲ್ಲ. ಸನ್ಮಾನಕ್ಕೆ ಒಂದು ಖಾದಿ ಟಾವೆಲ್ ಕೊಟ್ಟಿದ್ದರೂ ಮನುಷ್ಯ ಮನೆಗೆ ಹೋಗಿ ಬೆನ್ನು ಒರೆಸಿಕೊಂಡು ಕೊಟ್ಟವರನ್ನು ನೆನೆಯುತ್ತಿದ್ದ. ಆದರೆ ಟಾವೆಲ್ ಹೊಳೆಯುವುದಿಲ್ಲ, ಫೋಟೋದಲ್ಲಿ ಎದ್ದು ಕಾಣುವುದಿಲ್ಲ. 2021ರ ಆಗಸ್ಟಿನಲ್ಲಿ ಬೆಂಗಳೂರು ಶಾಲು ಬೇಡವೆಂದಿತು ಅಂದೆನಲ್ಲ, ಅದೇ ಡಿಸೆಂಬರಿನಲ್ಲಿ ದಿಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜವೂ ಆದೀತು ಎಂದಿತು. ಒಂದು ಬಾಗಿಲಿಂದ ಹೊರಗೆ ಹಾಕಿದ್ದು ಇನ್ನೊಂದು ಬಾಗಿಲಿಂದ ಕಂಬ ಹತ್ತಿ ಕೂತಿತು.

ಹೊಲಿಯದೆ, ಕತ್ತರಿಸದೆ ಶಾಲಿಗೆ ಹೊಸ ಜೀವ ಕೊಡುವ ದಾರಿ ಒಂದೇ: ಅದನ್ನೇ ಮತ್ತೊಬ್ಬರಿಗೆ ಹೊದಿಸುವುದು. ಇದನ್ನು ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ನಿವೃತ್ತ ತಹಶೀಲ್ದಾರರ ಶಾಲು ಗದುಗಿನ ಮದುವೆಗೆ ಹೋಗಿ ಬೀಗರ ಹೆಗಲೇರಿ, ರಾಣೆಬೆನ್ನೂರಿನ ಗೃಹಪ್ರವೇಶ ಮುಗಿಸಿ, ಮತ್ತೆ ಹುಬ್ಬಳ್ಳಿಗೆ ಬರುತ್ತದೆ. ಇಷ್ಟು ತಿರುಗಿದ ಶಾಲಿಗೆ ಕವರು ಮಾತ್ರ ಹೊಸದು.

ಮೊನ್ನೆ ಒಂದು ಮಹಿಳಾ ಮಂಡಳದವರು ಕಾಕು ಮನೆಗೆ ಬಂದರು. ಹಳೆ ಬಟ್ಟೆಗೆ ಹೊಸ ರೂಪ ಕೊಡುವುದರಲ್ಲಿ ಅವರದು ದೊಡ್ಡ ಸಾಧನೆ ಎಂದು ಗೊತ್ತಾಗಿ, ರವಿವಾರ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಕಾಕು ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. ಆಮೇಲೆ ಕೇಳಿದರು:

"ಶಾಲು ಯಾವ ಬಣ್ಣದ್ದು?"

"ಹಸಿರು ತಂದೇವ್ರಿ ಕಾಕೂ. ಛಲೋ ಅದ."

"ಹಸಿರು ಬ್ಯಾಡವಾ. ಅಡಗಿಮನಿ ಕಿಟಕಿಗೆ ಒಂದ ಮೆರೂನ್ ಕಡಿಮಿ ಬಿದ್ದದ."

"ಮೆರೂನ್ ಎಲ್ಲಾ ಖರ್ಚಾಗ್ಯಾವರಿ, ನವೆಂಬರ್ ಅಲ್ಲಾ?"

"ಹಂಗಾದ್ರ ಅವಸರಿಲ್ಲ" ಎಂದು ಕಾಕು ತಟ್ಟೆ ಎತ್ತಿದರು, "ಸ್ಟಾಕ್ ಬಂದ ಮ್ಯಾಲೆ ಹೇಳ್ರಿ, ಬರ್ತೀನಿ."