ಎಲ್ಲರಿಗೂ ಐದಕ್ಕೆ ಐದು

ಸೆಮಿಸ್ಟರ್ ಮುಗಿಯಿತು, ಗ್ರೂಪ್ ಪ್ರಾಜೆಕ್ಟಿನ ಅಂಕಗಳು ನೋಟಿಸ್ ಬೋರ್ಡಿಗೆ ಬಿದ್ದವು. ಎಂದಿನ ಪವಾಡವೂ ಜರುಗಿತು. ಅರವತ್ತು ವಿದ್ಯಾರ್ಥಿಗಳು, ಹನ್ನೆರಡು ತಂಡ. ಯಾವ ತಂಡದಲ್ಲೂ ಒಬ್ಬರಿಗಿಂತ ಇನ್ನೊಬ್ಬರಿಗೆ ಅರ್ಧ ಅಂಕ ಹೆಚ್ಚಿಲ್ಲ, ಅರ್ಧ ಅಂಕ ಕಡಿಮೆಯಿಲ್ಲ. ರಿಪೋರ್ಟ್ ಬರೆದವಳಿಗೂ 82, ರಿಪೋರ್ಟಿನ ವಿಷಯ ಏನೆಂದು ವೈವಾ ದಿನ ಬಾಗಿಲಾಚೆ ನಿಂತು ಕೇಳಿ ತಿಳಿದುಕೊಂಡವನಿಗೂ 82. ಸಮಾನತೆಗಾಗಿ ಜಗತ್ತಿನಲ್ಲಿ ಕ್ರಾಂತಿಗಳೇ ಆಗಿಹೋದವು, ಪಾಪ. ಒಂದು ಎಕ್ಸೆಲ್ ಶೀಟ್ ಸಾಕಿತ್ತು.

ತಂಡ ಕಟ್ಟುವ ಶಾಸ್ತ್ರವೂ ಕೊಂಡಾಡುವಂಥದ್ದೇ. ಒಂದು ದಾರಿ ಹಾಜರಿ ಪುಸ್ತಕದ್ದು: ಒಂದರಿಂದ ಐದು ಒಂದು ತಂಡ, ಆರರಿಂದ ಹತ್ತು ಮತ್ತೊಂದು. ಬುದ್ಧಿ, ಬಿಡುವು, ಆಸಕ್ತಿ ಎಲ್ಲವನ್ನೂ ದೇವರು ಅಕಾರಾದಿಯಲ್ಲೇ ಹಂಚಿದ್ದಾನೆಂಬ ನಂಬಿಕೆ. ಇನ್ನೊಂದು ದಾರಿ ಪ್ರಜಾಪ್ರಭುತ್ವದ್ದು: 'ನೀವೇ ಮಾಡ್ಕೊಳ್ಳಿ, ಶುಕ್ರವಾರದೊಳಗೆ ಹೆಸರು ಕೊಡಿ.' ಹತ್ತು ನಿಮಿಷದಲ್ಲಿ ಮುಂದಿನ ಬೆಂಚು ಒಂದು ತಂಡ, ಹಿಂದಿನ ಬೆಂಚು ಒಂದು ತಂಡ. ಯಾರೂ ಕರೆಯದೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಟೀಮ್ 12' ಆಗುತ್ತಾರೆ.

ಮೂರನೆಯ ದಾರಿಗೆ ಕಾಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಅದನ್ನು ಯಾರೂ ಹಿಡಿಯುವುದಿಲ್ಲ. ಒಂದು ಫಾರಂ ತುಂಬಿಸಿಕೊಳ್ಳಬೇಕು: ವಾರದಲ್ಲಿ ಯಾವ ಗಂಟೆ ಬಿಡುವು, ಏನು ಬರುತ್ತದೆ, ಹಿಂದಿನ ವಿಷಯದಲ್ಲಿ ಅಂಕ ಎಷ್ಟು, ಈ ಕೋರ್ಸಿನಲ್ಲಿ ಬೇಕಾದ ಗ್ರೇಡ್ ಯಾವುದು. ಬಿಡುವಿನ ಗಂಟೆ ಕೂಡಿಬರಬೇಕು, ಸಾಮರ್ಥ್ಯ ಬೆರೆತಿರಬೇಕು, ತಂಡ ಮೂರು ನಾಲ್ಕು ಜನರದ್ದಾಗಿರಬೇಕು. ಇದನ್ನೆಲ್ಲ ಹೊಂದಿಸಿಕೊಡುವ ಕ್ಯಾಟ್‌ಮಿಯಂಥ ತಂತ್ರಾಂಶಗಳೇ ಇವೆ. ಎಷ್ಟೋ ತಂಡಗಳು ಮುರಿಯುವುದು ಸೋಮಾರಿತನದಿಂದಲ್ಲ. ಒಬ್ಬ ಸಂಜೆ ಕೆಲಸಕ್ಕೆ ಹೋಗುತ್ತಾನೆ, ಇನ್ನೊಬ್ಬಳಿಗೆ ಸಂಜೆಯಷ್ಟೇ ಪುರುಸೊತ್ತು. ಹಾಗೆಯೇ, ನಾಲ್ಕು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಹಾಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. 'ನೀನು ಚೆನ್ನಾಗಿ ಬರೀತೀಯಾ' ಎಂಬ ಹೊಗಳಿಕೆಯೊಂದಿಗೆ ರಿಪೋರ್ಟು, ಪಿಪಿಟಿ, ಮೀಟಿಂಗಿನ ಟಿಪ್ಪಣಿ ಮೂರೂ ಅವಳ ತಲೆಗೆ.

ತಂಡ ಕಟ್ಟಿದ ದಿನ ಒಂದು ಸ್ಲೈಡ್ ತೋರಿಸುವ ಸಂಪ್ರದಾಯವಿದೆ. ಯಾವುದೇ ಗುಂಪು ಹಾದುಹೋಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ನಾಲ್ಕು ಹಂತ: ಕೂಡುವುದು, ಕಿತ್ತಾಡುವುದು, ಕಟ್ಟುಪಾಡು ಮಾಡಿಕೊಳ್ಳುವುದು, ದುಡಿಯುವುದು. ಆತ ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ. ಆಗಲೇ ಪ್ರಕಟವಾಗಿದ್ದ ಲೇಖನಗಳನ್ನು ಕಲೆಹಾಕಿದ, ಅವುಗಳಲ್ಲಿ ಮನೋಚಿಕಿತ್ಸೆಯ ಗುಂಪುಗಳದ್ದೇ ದೊಡ್ಡ ಪಾಲು. ಕೊನೆಯ ರಾತ್ರಿಯ ವಾಟ್ಸಾಪ್ ಗ್ರೂಪ್ ನೋಡಿದವರಿಗೆ ಹೋಲಿಕೆ ಸರಿಯಾಗಿಯೇ ಇದೆ ಅನ್ನಿಸೀತು. 1977ರಲ್ಲಿ ಐದನೆಯ ಹಂತವೂ ಸೇರಿತು: ಚದುರುವುದು. ನಮ್ಮ ವಿದ್ಯಾರ್ಥಿಗಳು ಲೋಪವಿಲ್ಲದೆ, ಹೇಳಿದ ಸಮಯಕ್ಕೆ ಪೂರೈಸುವುದು ಇದೊಂದನ್ನೇ. ಅಂಕ ಬಿದ್ದ ಐದು ನಿಮಿಷಕ್ಕೆ ಎಲ್ಲರೂ 'ಲೆಫ್ಟ್'.

ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ ಅವರ ಹೆಸರು ಮಾತ್ರ ಯಾವ ಸ್ಲೈಡಿನಲ್ಲೂ ಬರುವುದಿಲ್ಲ. ಹಗ್ಗ ಎಳೆಸಿ ಅಳೆದ ಆತನ ಲೆಕ್ಕ 1913ರಲ್ಲಿ ಅಚ್ಚಾಯಿತು: ಎಂಟು ಜನ ಒಟ್ಟಿಗೆ ಎಳೆದಾಗ ತಲಾ ಬೀಳುವ ಬಲ, ಒಬ್ಬನೇ ಎಳೆಯುವಾಗಿನದರ ಅರ್ಧದಷ್ಟು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದರು. ಜೊತೆಗೆ ಬೇರೆಯವರೂ ಕೂಗುತ್ತಿದ್ದಾರೆ ಎಂದು ನಂಬಿಸಿದರೆ ಸಾಕು, ಗಂಟಲು ತಗ್ಗುತ್ತಿತ್ತು. ಅವರೇ ಎರಡು ವರ್ಷದ ಮೇಲೆ ಇನ್ನೊಂದನ್ನೂ ತೋರಿಸಿದರು: ಯಾರ ದನಿ ಎಷ್ಟೆಂದು ಬೇರೆಬೇರೆಯಾಗಿ ಗೊತ್ತಾಗುತ್ತದೆ ಎಂದಾಗ ಈ ಕಳ್ಳಾಟ ನಿಂತಿತು. ಕಾಲೇಜುಗಳು ಮೊದಲರ್ಧವನ್ನು ಶ್ರದ್ಧೆಯಿಂದ ಜಾರಿಗೆ ತಂದಿವೆ.

ಯಾರ ದನಿ ಎಷ್ಟು ಎಂಬುದು ರಿಪೋರ್ಟಿನಲ್ಲಿ ಅಡಗಿಯೂ ಇರುವುದಿಲ್ಲ. ಒಂದನೇ ಅಧ್ಯಾಯ ಟೈಮ್ಸ್ ನ್ಯೂ ರೋಮನ್, ಎರಡನೆಯದು ಕ್ಯಾಲಿಬ್ರಿ, ಮೂರನೆಯದರ ಅಕ್ಷರಗಳ ಹಿಂದೆ ತೆಳು ಬೂದು ಬಣ್ಣ, ಅಂದರೆ ಯಾವುದೋ ವೆಬ್‌ಸೈಟಿನಿಂದ ಹಾಗೇ ಎತ್ತಿಟ್ಟದ್ದು. ಗೂಗಲ್ ಡಾಕ್ಸ್‌ನಲ್ಲಿ ವರ್ಷನ್ ಹಿಸ್ಟರಿ ಒತ್ತಿದರೆ, ಮಧ್ಯರಾತ್ರಿಯಿಂದ ನಸುಕಿನವರೆಗೆ ಒಂದೇ ಹೆಸರು. ಇನ್ನೊಂದು ಹೆಸರು ಒಮ್ಮೆ ಬಂದು, ಮುಖಪುಟದಲ್ಲಿ ತನ್ನ ಇನಿಶಿಯಲ್ ತಿದ್ದಿ ಹೋಗಿದೆ. ಒತ್ತಿ ನೋಡುವವರು ಬೇಕಷ್ಟೆ.

ಇದಕ್ಕೆ ಮದ್ದಾಗಿ ಸಹಪಾಠಿಗಳಿಂದಲೇ ಮೌಲ್ಯಮಾಪನ ಮಾಡಿಸುತ್ತಾರೆ. ಗೌಪ್ಯ ಫಾರಂ, ಐವರೂ ಒಂದೇ ಬೆಂಚಿನಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಕೂತು ತುಂಬುವಷ್ಟು ಗೌಪ್ಯ. ಎಲ್ಲರಿಗೂ ಐದಕ್ಕೆ ಐದು. ಗಣಿತ ಗೊತ್ತಿದ್ದವರಿಗೆ ಇದರ ಸೊಗಸು ಇನ್ನೂ ಹೆಚ್ಚು. ಈ ಪದ್ಧತಿಯಲ್ಲಿ ಒಬ್ಬನಿಗೆ ಉಳಿದವರು ಕೊಟ್ಟ ಸರಾಸರಿಯನ್ನು ಇಡೀ ತಂಡದ ಸರಾಸರಿಯಿಂದ ಭಾಗಿಸಿ, ಬಂದ ಗುಣಕದಿಂದ ತಂಡದ ಅಂಕವನ್ನು ಗುಣಿಸಬೇಕು. ತಂಡಕ್ಕೆ 80 ಬಂದಿದೆ, ಮೂವರಿಗೆ 4.5, ಒಬ್ಬನಿಗೆ 2.5 ಎನ್ನಿ. ಸರಾಸರಿ 4. ಮೂವರಿಗೆ 90, ಅವನಿಗೆ 50. ಎಲ್ಲರೂ ಎಲ್ಲರಿಗೂ ಐದು ಕೊಟ್ಟರೆ ಗುಣಕ 1. ಒಂದೊಂದೇ ಕೊಟ್ಟರೂ 1. ಅಂದರೆ ಆ ಫಾರಂ ಖಾಲಿ ಹಾಳೆಗೆ ಸಮ.

ಸರಿಪಡಿಸುವುದೇನು ಬ್ರಹ್ಮವಿದ್ಯೆಯಲ್ಲ. ತನಗೆ ತಾನೇ ಕೊಟ್ಟ ಅಂಕ ಲೆಕ್ಕದಿಂದ ಬಿಡಬೇಕು. ಫಾರಂ ಮನೆಯಲ್ಲಿ ಒಬ್ಬರೇ ಕೂತು ತುಂಬುವಂತಿರಬೇಕು. ಅಂಕಿಯ ಬದಲು 'ಅತ್ಯುತ್ತಮ'ದಿಂದ 'ಬರಲೇ ಇಲ್ಲ'ದವರೆಗೆ ಪದಗಳಿರಬೇಕು, ಪ್ರತಿಯೊಂದಕ್ಕೂ ಒಂದು ಸಾಲು ಕಾರಣ ಬರೆಸಬೇಕು. ನಾಲ್ಕನೇ ವಾರದಲ್ಲೇ ಒಮ್ಮೆ ಅಂಕವಿಲ್ಲದೆ ನಡೆಸಿದರೆ, ತಿದ್ದಿಕೊಳ್ಳುವವನಿಗೆ ಸಮಯ ಉಳಿದಿರುತ್ತದೆ. ಗುಣಕ 1.05ಕ್ಕಿಂತ ಮೇಲೇರದಂತೆ ಮಿತಿ ಹಾಕುವವರೂ ಇದ್ದಾರೆ, ಇನ್ನೊಬ್ಬನನ್ನು ತುಳಿದರೆ ಹೆಚ್ಚೇನೂ ಗಿಟ್ಟದಿರಲಿ ಎಂದು. ಮೂವರು ಸೇರಿ ಒಬ್ಬನನ್ನು ಹಣಿದಂತೆ ಕಂಡರೆ ಕರೆದು ಮಾತಾಡಿಸಬೇಕು. ಇಲ್ಲಿಗೆ ಬಂದಾಗ ಎಲ್ಲ ನಿಲ್ಲುತ್ತದೆ, ಯಾಕೆಂದರೆ ಮಾತಾಡಿಸಲು ಅಧ್ಯಾಪಕರೇ ಬೇಕು.

ಹಾಸ್ಯ ಸಾಕು. ಅರವತ್ತು ರಿಪೋರ್ಟಿಗಿಂತ ಹನ್ನೆರಡು ಓದುವುದು ಸುಲಭ. ಗ್ರೂಪ್ ಪ್ರಾಜೆಕ್ಟ್ ಇಷ್ಟು ಜನಪ್ರಿಯವಾಗಿರುವುದು ಇದರಿಂದಲೇ. 'ಸಹಕಾರ ಕಲಿಕೆ' ಅದಕ್ಕೆ ಹೊದಿಸಿದ ಶಾಲು. ಒಬ್ಬರ ತಲೆಗೆ ಅರವತ್ತು ಜನರನ್ನು ಕಟ್ಟಿದ ಆಡಳಿತಕ್ಕೂ ಇದು ಗೊತ್ತು. ಬಲಿಯಾಗುವವಳು ಆ ರಾತ್ರಿ ಎಚ್ಚರವಿದ್ದವಳು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. 'ಸರ್, ಅವನು ಒಂದು ಮೀಟಿಂಗಿಗೂ ಬಂದಿಲ್ಲ' ಎಂದು ಹೋದರೆ, 'ನೋಡಮ್ಮಾ, ನಾಳೆ ಕಂಪನಿಯಲ್ಲೂ ಇಂಥವರಿರ್ತಾರೆ, ಅಡ್ಜಸ್ಟ್ ಮಾಡ್ಕೋಬೇಕು' ಎಂಬ ಉಪದೇಶ. ಕಂಪನಿಯಲ್ಲಿ ಕೆಲಸ ಮಾಡದವನನ್ನು ಕೇಳಲು ಮ್ಯಾನೇಜರ್ ಇರುತ್ತಾನೆ, ತೀರಾ ಆಗದಿದ್ದರೆ ರಾಜೀನಾಮೆ ಕೊಡಬಹುದು. ಅವಳಿಗೆ ಇಲ್ಲಿ ಎರಡೂ ಇಲ್ಲ.

ಕೆಲವು ಕಡೆ ಒಂದು ನಿಯಮವಿದೆ: ಮೊದಲು ಲಿಖಿತ ಎಚ್ಚರಿಕೆ, ಅದರ ಪ್ರತಿ ಅಧ್ಯಾಪಕರಿಗೆ, ಆಮೇಲೂ ಬಾರದವನನ್ನು ತಂಡ ಹೊರಹಾಕಬಹುದು. ಹಾಗೆ ಹೊರಬಿದ್ದವನನ್ನು ಬೇರೆ ತಂಡ ಸೇರಿಸಿಕೊಳ್ಳದಿದ್ದರೆ ಅವನು ಒಬ್ಬನೇ ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕು. ಆಗ ಓದಬೇಕಾದ ರಿಪೋರ್ಟುಗಳು ಹನ್ನೆರಡಲ್ಲ, ಹದಿಮೂರು. ಅಲ್ಲಿಗೆ ಆ ನಿಯಮದ ಕಥೆಯೂ ಮುಗಿಯಿತು.