‘ನೋಡಿ ಕೇಳಿದ್ದು ಶೇ 50 ನೆನಪಿರುತ್ತೆ’: ಆ ಲೆಕ್ಕ ಎಡ್ಗರ್ ಡೇಲ್ ಅವರದ್ದಲ್ಲ

ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ನೋಡಿ ಕೇಳಿದ್ದರಲ್ಲಿ ಶೇ 50 ನೆನಪಿರುತ್ತದೆ, ಹಾಗಾಗಿ ತರಗತಿಯಲ್ಲಿ ಪಾಠಕ್ಕಿಂತ ಸಿನಿಮಾ ತೋರಿಸುವುದೇ ಮೇಲು ಎಂಬ ಸಂದೇಶ ಓಡಾಡುತ್ತಿದೆ. ಕೆಳಗೆ ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಹೆಸರಿದೆ. ಇದು ತಪ್ಪು.

ಡೇಲ್ 1946ರಲ್ಲಿ ‘ಅನುಭವದ ಶಂಕು’ ಎಂಬ ಚಿತ್ರ ಕೊಟ್ಟದ್ದು ನಿಜ. ತಳದಲ್ಲಿ ಕೈಯಾರೆ ಮಾಡುವ ಕೆಲಸ, ತುದಿಯಲ್ಲಿ ಬರೀ ಮಾತು, ನಡುವೆ ಸಿನಿಮಾಗೂ ಒಂದು ಜಾಗ. ಅದರಲ್ಲಿ ಒಂದೂ ಶೇಕಡಾ ಅಂಕಿ ಇರಲಿಲ್ಲ. ಇದನ್ನು ಮೇಲು–ಕೀಳಿನ ಲೆಕ್ಕ ಮಾಡಬೇಡಿ ಎಂದು ಅವರೇ ಎಚ್ಚರಿಸಿದ್ದರು. ಅಂಕಿಗಳನ್ನು ಬೇರೆಯವರು ಅಂಟಿಸಿದ್ದು. ಸುಮ್ನೆ ನೋಡಿದರೂ ಅನುಮಾನ ಬರಬೇಕು, ಅಲ್ವಾ? ನಿಜವಾದ ಪ್ರಯೋಗದಲ್ಲಿ ಅಂಕಿಗಳು 10, 20, 50 ಎಂದು ಇಷ್ಟು ದುಂಡಗೆ ಬರುವುದಿಲ್ಲ.

ಹಾಗಂತ ಸಿನಿಮಾ ಬೇಡ ಎಂದಲ್ಲ. 2009ರಲ್ಲಿ ಅಮೆರಿಕದ ಸಂಶೋಧಕರು ವಿದ್ಯಾರ್ಥಿಗಳಿಗೆ ಇತಿಹಾಸದ ಪಠ್ಯವನ್ನೂ ಅದೇ ವಿಷಯದ ಸಿನಿಮಾ ತುಣುಕನ್ನೂ ಕೊಟ್ಟು ನೋಡಿದರು. ಎರಡೂ ಹೊಂದಿಕೆಯಾದಾಗ ನೆನಪು ಜಾಸ್ತಿಯಾಯಿತು. ಸಿನಿಮಾದಲ್ಲಿ ತಪ್ಪಿದ್ದಾಗ, ಸರಿಯಾದದ್ದನ್ನು ಓದಿದ್ದರೂ ವಿದ್ಯಾರ್ಥಿಗಳು ಎಷ್ಟೋ ಸಲ ಆ ತಪ್ಪನ್ನೇ ಉತ್ತರವಾಗಿ ಬರೆದರು. ‘ಸಿನಿಮಾದಲ್ಲಿ ತಪ್ಪಿರಬಹುದು, ಹುಷಾರು’ ಎಂಬ ಮಾಮೂಲಿ ಮಾತಿನಿಂದ ಪ್ರಯೋಜನವಾಗಲಿಲ್ಲ. ಯಾವುದು ತಪ್ಪು ಎಂದು ಬಿಡಿಸಿ ಹೇಳಿದಾಗ ತಪ್ಪು ತುಂಬಾ ಕಡಿಮೆಯಾಯಿತು.

ಶಿಕ್ಷಕರು ಹಂಚಿಕೊಳ್ಳಬೇಕಾದ್ದು ಇದನ್ನು. ತುಣುಕನ್ನು ಮೊದಲು ನೀವೇ ಪೂರ್ತಿ ನೋಡಿ, ತಪ್ಪುಗಳನ್ನು ಗುರುತು ಹಾಕಿಕೊಳ್ಳಿ. ತರಗತಿಯಲ್ಲಿ ಆ ಜಾಗಕ್ಕೆ ಬಂದಾಗ ನಿಲ್ಲಿಸಿ, ‘ಈ ಯುದ್ಧದಲ್ಲಿ ಈ ರಾಜ ಇರಲೇ ಇಲ್ಲ, ಮತ್ತೆ ಯಾಕೆ ತೋರಿಸಿದ್ದಾರೆ?’ ಎಂದು ಮಕ್ಕಳನ್ನೇ ಕೇಳಿ.